ನಕ್ಷೆಯ ಮಡಿಕೆಯಲ್ಲಿ ಅಳಿಸಿದ ಹಾದಿ

ಇದು ನಡೆದದ್ದು ಈರುಳ್ಳಿ ಕೀಳುವ ಕಾಲದಲ್ಲಿ ಎಂಬುದೊಂದು ಖಚಿತ. ಉಳಿದ ಕೆಲವು ವಿವರಗಳು ತಪ್ಪಿರಬಹುದು. ದೊಡ್ಡಮ್ಮ ನಮ್ಮ ಕಚೇರಿಯ ಮೆಟ್ಟಿಲು ಹತ್ತಿ ಬಂದಾಗ ಹಸಿರು ಸೀರೆ ಉಟ್ಟಿದ್ದಳೆಂದು ನನ್ನ ನೆನಪು. ಅವತ್ತೇ ಬರೆದ ದಿನಚರಿಯಲ್ಲಿ ಸೀರೆಯ ಮಾತೇ ಇಲ್ಲ. ಒಂದು ಚೀಲ ಶೇಂಗಾ ತಂದಿದ್ದಳು ಎಂದಿದೆ. ಶೇಂಗಾ ನನಗೆ ಚೂರೂ ನೆನಪಿಲ್ಲ, ತಿಂದದ್ದೂ ನೆನಪಿಲ್ಲ. ಹಾಗಾಗಿ ಎರಡೂ ಬೇರೆ ಬೇರೆ ಹೇಳುವ ಕಡೆ ದಿನಚರಿಯನ್ನೇ ನಂಬಿ ಬರೆಯುತ್ತಿದ್ದೇನೆ. ದಿನಚರಿ ಬರೆದವಳೂ ನಾನೇ ಎಂಬ ಅನುಮಾನ ಇದ್ದೇ ಇದೆ. ಆದರೆ ಎಲ್ಲೋ ಒಂದು ಕಡೆ ಕಾಲೂರಬೇಕಲ್ಲ.

ಚನ್ನಗಿರಿಯಲ್ಲಿ ಬಸ್ ನಿಲ್ದಾಣದ ಹತ್ತಿರ, ಜೆರಾಕ್ಸ್ ಅಂಗಡಿಯ ಮೇಲಿನ ಎರಡು ಕೋಣೆಗಳೇ ನಮ್ಮ ಕಚೇರಿ. ಇದನ್ನು ನಡೆಸುವವರು ಸರ್ವೆ ಕೆಲಸ ಮಾಡಿ ನಿವೃತ್ತರಾದವರು. ನಾವು ಅವರನ್ನು ಸರ್ ಎಂದಷ್ಟೇ ಕರೆಯುತ್ತೇವೆ. ನಾನು ಭೂಗೋಳದಲ್ಲಿ ಎಂ.ಎಸ್‌ಸಿ. ಮಾಡಿ, ಒಂದಷ್ಟು ವರ್ಷ ಪಾಠ ಹೇಳಿ, ಅದು ಒಗ್ಗದೆ ಇಲ್ಲಿಗೆ ಬಂದವಳು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಹಳ್ಳಿಗಳ ಹಳೆಯ ಕಾಗದದ ನಕ್ಷೆಗಳು ಭೂದಾಖಲೆ ಇಲಾಖೆಯಿಂದ ಸ್ಕ್ಯಾನ್ ಆಗಿ ನಮ್ಮಲ್ಲಿಗೆ ಬರುತ್ತವೆ. ಅವನ್ನು ಕಂಪ್ಯೂಟರಿನಲ್ಲಿ ಮತ್ತೆ ಬರೆದು ಕ್ಯಾಡ್ ಡ್ರಾಯಿಂಗ್ ಮಾಡಿಕೊಡುವುದು ನನ್ನ ಕೆಲಸ.

ಸ್ಕ್ಯಾನ್ ಆದ ನಕ್ಷೆ ಕಂಪ್ಯೂಟರಿಗೆ ಒಂದು ಫೋಟೋ, ಅಷ್ಟೇ. ಅದರಲ್ಲಿ ಗೆರೆ ಎಂಬುದಿಲ್ಲ. ಕಪ್ಪು ಚುಕ್ಕೆಗಳಿವೆ, ಬಿಳಿ ಚುಕ್ಕೆಗಳಿವೆ. ಆ ಫೋಟೋವನ್ನು ತಳದಲ್ಲಿ ಹಾಸಿಕೊಂಡು, ಅದರ ಮೇಲೆ ಹೊಲದ ಗಡಿ, ಹಳ್ಳ, ಕೆರೆ, ದಾರಿ ಎಂದು ಒಂದೊಂದೇ ಗೆರೆ ಎಳೆಯಬೇಕು. ಯಾವ ಕಪ್ಪು ಗಡಿ, ಯಾವ ಕಪ್ಪು ಕೊಳೆ ಎಂದು ತೀರ್ಮಾನಿಸುವವಳು ನಾನು. ಅದಕ್ಕೂ ಮೊದಲು ಹಾಳೆಯನ್ನು ನೆಲಕ್ಕೆ ಹೊಂದಿಸಬೇಕು. ಹಳೆಯ ಕಾಗದ ಉದ್ದಕ್ಕೆ ಒಂದು ಪ್ರಮಾಣದಲ್ಲಿ, ಅಡ್ಡಕ್ಕೆ ಇನ್ನೊಂದು ಪ್ರಮಾಣದಲ್ಲಿ ಕುಗ್ಗಿರುತ್ತದೆ. ಹಾಗಾಗಿ ನಕ್ಷೆಯಲ್ಲೂ ಇರುವ, ನೆಲದ ಮೇಲೂ ಉಳಿದಿರುವ ಗುರುತುಗಳನ್ನು ಹುಡುಕಿ ಜೋಡಿಸುತ್ತೇವೆ: ಮೂರು ಊರುಗಳು ಕೂಡುವ ಕಡೆಯ ಗಡಿಕಲ್ಲು, ಗುಡಿಯ ಮೂಲೆ, ಕೆರೆಯ ತೂಬು. ಹೊನ್ನಾಳಿ ಕಡೆ ನದಿಯ ದಂಡೆಯನ್ನು ಮಾತ್ರ ನಂಬಬಾರದು, ಅದು ಜರುಗಿರುತ್ತದೆ. ತ್ಯಾವಣಿಗೆ ಕಡೆ ಬದುಗಳನ್ನು ನಂಬಬಾರದು. ನಕ್ಷೆಯಲ್ಲಿ ಮಳೆ ನಂಬಿದ ಬೆದ್ದಲು ಇದ್ದದ್ದು ಈಗ ತೋಟವಾಗಿ ಬದುಗಳೆಲ್ಲ ಮಾಯವಾಗಿವೆ. ಇದೆಲ್ಲ ನನಗೆ ಚೆನ್ನಾಗಿ ಬರುತ್ತದೆ. ಅದನ್ನು ಹೇಳಿಕೊಳ್ಳಲು ಸಂಕೋಚವಿಲ್ಲ.

ಮೊದಮೊದಲು ಮಾಡಿದ ತಪ್ಪೊಂದನ್ನೂ ಹೇಳಿಬಿಡುತ್ತೇನೆ. ಸವಳಂಗದ ಆಚೆಯ ಒಂದು ಹಳ್ಳಿಯ ನಕ್ಷೆಯಲ್ಲಿ ಮೂರು ಬಾವಿ ಗುರುತಿಸಿದ್ದೆ. ಮೂರೂ ಹಾಳೆಯ ಮೇಲಂಚಿನ ಹತ್ತಿರ, ಒಂದೇ ಸಾಲಿನಲ್ಲಿದ್ದವು. ಸರ್ ಕನ್ನಡಕ ಹಣೆಗೇರಿಸಿ ನೋಡಿದರು.

"ಆಯುಧಪೂಜೇಲಿ ಯಾರೋ ನಕ್ಷೆಗೂ ಕುಂಕುಮ ಇಟ್ಟಾರೆ. ನೀವು ಅದನ್ನ ಬಾವಿ ಮಾಡೀರಿ. ಇನ್ನೇನು, ಮೋಟ್ರು ಇಳಿಸ್ರಿ" ಎಂದರು.

ಕಪ್ಪು-ಬಿಳುಪು ಸ್ಕ್ಯಾನಿನಲ್ಲಿ ಕುಂಕುಮವೂ ಕಪ್ಪು, ಮಸಿಯೂ ಕಪ್ಪು. ಆಮೇಲೆ ನಾನೇ ಈ ಕತೆಯನ್ನು ನೆಂಟರ ಮನೆಗಳಲ್ಲಿ ಹೇಳಿ ನಗಿಸಿದೆ.

ಕುಂಕುಮಕ್ಕಿಂತ ಹೆಚ್ಚು ಕಾಟ ಕೊಡುವುದು ಮಡಿಕೆಗಳು. ಹಳೆಯ ನಕ್ಷೆಗಳನ್ನು ಎಂಟಾಗಿ ಮಡಚಿ ಪೆಟ್ಟಿಗೆಯಲ್ಲಿ ಇಟ್ಟಿರುತ್ತಾರೆ. ಮಡಚಿದ ಕಡೆ ಕಾಗದ ಸವೆದು ಕೊಳೆ ಕೂತು, ಸ್ಕ್ಯಾನಿನಲ್ಲಿ ತುಂಡು ತುಂಡು ಕಪ್ಪು ಗೆರೆಯಾಗಿ ಕಾಣುತ್ತದೆ. ನಕ್ಷೆಯಲ್ಲಿ ಬಂಡಿದಾರಿಯ ಗುರುತೂ ತುಂಡು ತುಂಡು ಗೀಟುಗಳೇ, ಎರಡು ಸಾಲು. ವ್ಯತ್ಯಾಸ ಹಿಡಿಯಲು ನಾನೇ ಒಂದು ನಿಯಮ ಮಾಡಿಕೊಂಡಿದ್ದೆ. ಹಾಳೆಯ ಈ ಅಂಚಿನಿಂದ ಆ ಅಂಚಿನವರೆಗೆ ನೆಟ್ಟಗೆ ಹೋಗಿ, ಹೊಲ ಮನೆ ಕೆರೆ ಯಾವುದನ್ನೂ ಲೆಕ್ಕಿಸದೆ ದಾಟಿದರೆ ಅದು ಮಡಿಕೆ, ಅಳಿಸು. ಒಂದು ಹಾಳೆಯ ಮಡಿಕೆಗಳನ್ನೆಲ್ಲ ತಲೆಯೆತ್ತದೆ ಅಳಿಸಿ ಮುಗಿಸುತ್ತಿದ್ದೆ.

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಅವಳ ಊರು ಬಿಳಿಚೋಡಿನಿಂದ ಆಚೆ. ಅಲ್ಲಿಂದ ಚನ್ನಗಿರಿಗೆ ಎರಡು ಬಸ್ಸು ಬದಲಿಸಿ ಬರಬೇಕು. ಹೇಳದೆ ಕೇಳದೆ ಅಷ್ಟು ದೂರ ಬಂದಿದ್ದಾಳೆಂದರೆ ಯಾರಿಗೋ ಹುಷಾರಿಲ್ಲವೆಂದೇ ಮೊದಲು ಅಂದುಕೊಂಡೆ. ಅವಳು ನೀರು ಕುಡಿದು, ಪ್ಲಾಸ್ಟಿಕ್ ಕವರಿನಿಂದ ಮಡಚಿದ ಹಾಳೆಯೊಂದನ್ನು ತೆಗೆದು ನನ್ನ ಕೀಬೋರ್ಡಿನ ಮೇಲೆ ಹರಡಿದಳು.

"ಇದ್ರಾಗೆ ನಮ್ಮ ಹಾದಿ ಎಲ್ಲೈತೆ ತೋರ್ಸು."

ಸಂಗತಿ ಇಷ್ಟು. ಅವಳ ಎರಡೆಕರೆ ಹೊಲಕ್ಕೂ ಊರಿಗೂ ನಡುವೆ ಪಕ್ಕದವರ ಹೊಲವಿದೆ. ಆ ಹೊಲದ ಮೇಲ್ಗಡೆಯ ಬದುವಿನ ಮೇಲೇ ದೊಡ್ಡಮ್ಮನ ಮನೆಯವರ ಓಡಾಟ; ಟ್ರಾಕ್ಟರ್ ಬರುವುದೂ ಅಲ್ಲೇ. ಈ ವರ್ಷ ಪಕ್ಕದವರು ಬೋರ್‌ವೆಲ್ ಹಾಕಿಸಿ, ಅಡಿಕೆ ಸಸಿ ನೆಟ್ಟು, ಕಲ್ಲುಕಂಬ ನಿಲ್ಲಿಸಿ ಸುತ್ತ ತಂತಿಬೇಲಿ ಎಳೆದಿದ್ದರು. ದೊಡ್ಡಮ್ಮ ಕಿತ್ತ ಈರುಳ್ಳಿ ಹೊಲದಲ್ಲೇ ಗುಡ್ಡೆ ಬಿದ್ದಿತ್ತು. ಮೋಡ ಕಟ್ಟುತ್ತಿತ್ತು. ಒಂದು ಮಳೆ ಬಿದ್ದರೆ ಅಷ್ಟೂ ಕೊಳೆಯುತ್ತದೆ. ಜಗಳಕ್ಕೆ ಹೋದ ಅವಳ ಮಗನಿಗೆ ಪಕ್ಕದವರು ಶಾಂತವಾಗಿಯೇ ಹೇಳಿದ್ದರಂತೆ, ನಕಾಶೆ ಕಂಡ ದಾರಿ ಆಗಿದ್ದರೆ ತಂತಿ ನಾನೇ ಬಿಚ್ಚುತ್ತೇನೆ ಎಂದು. ಊರಿನ ನಕ್ಷೆಯಲ್ಲಿ ಕಾಣುವ ದಾರಿಯನ್ನು ಯಾರೂ ಮುಚ್ಚುವಂತಿಲ್ಲ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಅಂಥ ದಾರಿಗೇ ನಕಾಶೆ ಕಂಡ ದಾರಿ ಎನ್ನುವುದು. ಅವರೇ ಹೊಸ ನಕ್ಷೆಯ ಪ್ರಿಂಟು ತಂದು ಕೊಟ್ಟಿದ್ದರು. ಅದರಲ್ಲಿ ದಾರಿ ಇರಲಿಲ್ಲ.

ನಾನು ಹಾಳೆ ನೋಡಿದೆ. ಉತ್ತರ ದಿಕ್ಕಿನ ಬಾಣದ ತುದಿ ಸ್ವಲ್ಪ ದಪ್ಪ. ಹಾಗೆ ಬರೆಯುವವಳು ನಾನೊಬ್ಬಳೇ.

"ಇದನ್ನ ಬರ್ದಿದ್ದು ನಾನೇ ದೊಡ್ಡಮ್ಮ" ಎಂದೆ.

ಅವಳು ಹಾಳೆಯನ್ನೊಮ್ಮೆ ನನ್ನನ್ನೊಮ್ಮೆ ನೋಡಿದಳು. ಮುಖ ಅರಳಿತು.

"ಹಂಗಾದ್ರೆ ಒಳ್ಳೇದೇ ಆತು. ಒಂದು ಗೆರೆ ಎಳಿ. ಎಷ್ಟೊತ್ತಿನ ಕೆಲ್ಸ?"

ನಿಜ ಹೇಳಬೇಕೆಂದರೆ ಕಣ್ಣು ಮುಚ್ಚಿ ತೆರೆಯುವಷ್ಟು ಹೊತ್ತಿನ ಕೆಲಸ. ಹಾಗೆ ಎಳೆಯಲು ಬರುವುದಿಲ್ಲ, ಹಳೆಯ ಕಾಗದದಲ್ಲಿ ಇದ್ದದ್ದನ್ನು ಮಾತ್ರ ಎಳೆಯಬೇಕು ಎಂದು ಹೇಳಿದೆ.

"ಬಾವಿ ಇಲ್ಲದ ಊರಾಗೆ ಮೂರು ಬಾವಿ ತೋಡಿದಾಕಿ ನೀನು. ನಮಗೊಂದು ಹಾದಿ ಮಾಡಾಕೆ ಆಗಲ್ವಾ?"

ಸರ್ ಪಕ್ಕದ ಕೋಣೆಯಿಂದಲೇ ನಕ್ಕದ್ದು ಕೇಳಿಸಿತು.

ನಾನು ಆ ಊರಿನ ಕಡತ ತೆರೆದೆ. ಮೂಲ ಸ್ಕ್ಯಾನನ್ನು ಎಂದೂ ಅಳಿಸುವುದಿಲ್ಲ. ಸ್ವಚ್ಛ ಮಾಡಿದ್ದು ಬೇರೆ, ಮೂಲ ಬೇರೆ. ದೊಡ್ಡಮ್ಮನ ಹೊಲದ ಹತ್ತಿರ ಮೂಲವನ್ನು ದೊಡ್ಡದು ಮಾಡಿ ನೋಡಿದೆ. ನಾನು ಅಳಿಸಿದ್ದ ಮಡಿಕೆ ಹೊಲದ ಕೆಳಗಡೆ, ಹಳ್ಳದ ಪಕ್ಕದಲ್ಲೇ ಹೋಗಿತ್ತು. ನಡುವೆ ದಪ್ಪ ಕಪ್ಪು, ಅದರ ಎರಡೂ ಬದಿಗೆ ತುಂಡು ತುಂಡು ಗೀಟು. ಮಡಿಕೆಯ ಎರಡು ಅಂಚು ಸವೆದಿದೆ ಎಂದುಕೊಂಡು ಎಲ್ಲವನ್ನೂ ಒರೆಸಿಹಾಕಿದ್ದೆ. ಈಗ ನೋಡಿದರೆ ಆ ಗೀಟುಗಳ ನಡುವಿನ ಅಂತರ ಒಂದೇ ಸಮ. ಕೊಳೆ ಅಷ್ಟು ಸಮವಾಗಿ ಕೂರುವುದಿಲ್ಲ. ಹಾಳೆಯನ್ನು ಮಡಚಿದವರು ಬಂಡಿದಾರಿಯ ನಟ್ಟನಡುವೆಯೇ ಮಡಚಿದ್ದರೆ? ಊರಿನ ಕಡೆಯ ತುದಿಯಲ್ಲಿ ಹರಿದ ಜಾಗಕ್ಕೆ ಗೋಂದು ಹಚ್ಚಿ ತೇಪೆ ಹಾಕಿದ್ದರು. ಸ್ಕ್ಯಾನಿನಲ್ಲಿ ಅದು ಬರೀ ಕಪ್ಪು ಮುದ್ದೆ. ಅದರೊಳಗೆ ಏನಿದೆಯೋ ಹೇಳುವಂತಿರಲಿಲ್ಲ.

ದೊಡ್ಡಮ್ಮನಿಗೆ ಇದ್ದದ್ದನ್ನು ಹೇಳಿದೆ. ಹಾದಿ ಇರಬಹುದು, ನಾನೇ ಅಳಿಸಿರಬಹುದು; ಆದರೆ ಅದು ನೀವು ಓಡಾಡುವ ಬದುವಿನ ಮೇಲಲ್ಲ, ಕೆಳಗೆ ಹಳ್ಳದ ಕಡೆ ಕಾಣುತ್ತದೆ; ಕಾಗದವನ್ನೇ ನೋಡದೆ ಏನೂ ಹೇಳಲಾರೆ ಎಂದೆ. ದಿನಚರಿಯಲ್ಲಿ ಒಂದು ಸಾಲಿದೆ: "ಹಳ್ಳ ಅಂದ ಕೂಡಲೇ ದೊಡ್ಡಮ್ಮ ಬಸ್ಸಿನ ಹೊತ್ತು ಕೇಳಿದಳು." ಬರೆಯುವಾಗ ಅದಕ್ಕೆ ಯಾವ ಅರ್ಥವನ್ನೂ ಕೊಟ್ಟಿರಲಿಲ್ಲ.

ಅವಳನ್ನು ಬಸ್ಸು ಹತ್ತಿಸಿ ಬಂದ ಮೇಲೆ ಸರ್ ಎರಡು ಮಾತು ಹೇಳಿದರು. ಸ್ಕ್ಯಾನ್ ನೋಡಿ ತೀರ್ಮಾನ ಮಾಡಬೇಡ್ರಿ, ಕಾಗದ ನೋಡ್ರಿ ಎಂಬುದು ಒಂದು. ಸಂಬಂಧಿಕರ ಹೊಲ ಎಂಬುದನ್ನು ಹೋದ ಕಡೆ ಮೊದಲೇ ಹೇಳಿಬಿಡ್ರಿ ಎಂಬುದು ಇನ್ನೊಂದು. ಮಡಿಕೆ ಅಳಿಸಿದ್ದಕ್ಕೆ ಬೈಯುತ್ತಾರೆಂದು ಕಾದೆ. ಬೈಯಲಿಲ್ಲ.

ಹೊರಡುವ ಮುನ್ನ ನಾನು ಮಾಡಿದ ಒಂದು ಕೆಲಸದ ಬಗ್ಗೆ ಈಗಲೂ ಸಮಾಧಾನವಿದೆ. ಆ ಹೊಲಕ್ಕೆ ಹೋದ ನೆನಪೊಂದು ನನ್ನಲ್ಲಿತ್ತು. ಆರೋ ಏಳೋ ವರ್ಷದವಳಿದ್ದಾಗ ರಜೆಗೆ ಹೋಗಿ ಬಂಡಿಯಲ್ಲಿ ಕೂತಿದ್ದೆ. ಹೊಂಗೆಯ ಕೊಂಬೆ ತಲೆಗೆ ತಾಗಿತ್ತು. ಬಲಗಡೆ ನೀರಿನ ಸದ್ದಿತ್ತು. ಕಾಗದ ನೋಡಿದ ಮೇಲೆ ಈ ನೆನಪು ಕಾಗದಕ್ಕೆ ತಕ್ಕಂತೆ ತಿರುಗಿಕೊಳ್ಳುತ್ತದೆಂದು ನನಗೆ ಗೊತ್ತು, ಇಂಥದ್ದನ್ನು ನನ್ನಲ್ಲೇ ಎಷ್ಟೋ ಸಲ ಕಂಡಿದ್ದೇನೆ. ಅದಕ್ಕೇ ಹೋಗುವ ಮೊದಲು ದಿನಚರಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದು ಪುಸ್ತಕ ಮುಚ್ಚಿಟ್ಟೆ. ಗೆರೆ ಎಳೆಯಲು ಆ ನೆನಪನ್ನು ಬಳಸುವುದಿಲ್ಲ ಎಂದೂ ಬರೆದೆ.

ಜಗಳೂರಿನ ಭೂದಾಖಲೆ ಕಚೇರಿಯಲ್ಲಿ ಅರ್ಜಿ ಕೊಟ್ಟು, ನನ್ನ ದೊಡ್ಡಮ್ಮನ ಹೊಲ ಎಂದು ಮೊದಲೇ ಹೇಳಿ, ಮೂಲ ನಕ್ಷೆಯನ್ನು ನೋಡಲು ಕೇಳಿದೆ. ದಾಖಲೆ ನೋಡಿಕೊಳ್ಳುವವರು ಅದನ್ನು ತಂದು, ಹುಷಾರು ಎಂದಷ್ಟೇ ಹೇಳಿ, ಎದುರಿಗೇ ಕೂತರು. ಹಾಳೆಯನ್ನು ಕಿಟಕಿಯ ಬೆಳಕಿಗೆ ಒಡ್ಡಿದೆ. ಅನುಮಾನ ಉಳಿಯಲಿಲ್ಲ. ಮಡಿಕೆಯ ಕೊಳೆ ಕಪ್ಪು. ಅದರ ಎರಡೂ ಬದಿಯ ಗೀಟುಗಳು ಕಂದು ಮಸಿಯವು, ಲೇಖನಿಯಲ್ಲಿ ಒತ್ತಿ ಹಾಕಿದವು. ಹಾಳೆಯ ಹಿಂಬದಿಗೆ ಬೆರಳಾಡಿಸಿದರೆ ಒಂದೊಂದು ಗೀಟೂ ತಗಲುತ್ತಿತ್ತು. ಕೊಳೆಗೆ ಅಂಥ ಒತ್ತು ಇರುವುದಿಲ್ಲ. ಬಂಡಿದಾರಿ ದೊಡ್ಡಮ್ಮನ ಹೊಲದ ಪಕ್ಕದಿಂದ ಹಳ್ಳದ ದಡ ಹಿಡಿದು ಊರ ಕಡೆ ಬಂದು, ಗೋಂದಿನ ತೇಪೆಯ ಹತ್ತಿರ ಮಡಿಕೆಯನ್ನು ಬಿಟ್ಟು ತಿರುಗಿತ್ತು. ಹಳದಿಗಟ್ಟಿದ ಗೋಂದಿನ ಕೆಳಗೆ ಗೀಟುಗಳು ಸ್ಪಷ್ಟವಾಗಿದ್ದವು. ಪಕ್ಕದವರ ಹೊಲವನ್ನು ಅದು ಎಲ್ಲೂ ಮುಟ್ಟಿರಲಿಲ್ಲ. ಅದು ಊರನ್ನು ಸೇರುತ್ತಿದ್ದದ್ದು ದೊಡ್ಡಮ್ಮನ ಮನೆಯ ಹಿಂದಿನ ಕಣದ ಮೂಲಕ.

ಕಣವೆಂದರೆ ರಾಗಿ, ಜೋಳ ಒಕ್ಕುವ ಅಂಗಳ. ಈಗ ಅದರ ಹಳ್ಳದ ಕಡೆಗೆ ಎದೆಯೆತ್ತರದ ಕಲ್ಲುಗೋಡೆ ಇದೆ. ದೊಡ್ಡಪ್ಪ ಬದುಕಿದ್ದಾಗ ಕಟ್ಟಿಸಿದ್ದಂತೆ. ಯಾವಾಗ ಎಂದು ನನಗೆ ಗೊತ್ತಿಲ್ಲ.

ಚನ್ನಗಿರಿಗೆ ಬಂದು ಡ್ರಾಯಿಂಗ್ ಸರಿಪಡಿಸಿದೆ. ತಪ್ಪು ನನ್ನದು, ಹೀಗಾಯಿತು ಎಂದು ಒಂದು ಪುಟ ಬರೆದು, ಸರ್ ಸಹಿ ಹಾಕಿದ ಮೇಲೆ ಕೆಲಸ ಕೊಟ್ಟವರಿಗೆ ಕಳಿಸಿದೆವು. ಅದೇ ಕಟ್ಟಿನಲ್ಲಿ ಬಂದಿದ್ದ ಉಳಿದ ಹಾಳೆಗಳ ಮಡಿಕೆಗಳನ್ನೂ ಮುಂದಿನ ದಿನಗಳಲ್ಲಿ ಮತ್ತೆ ನೋಡಿದೆ. ಇನ್ನೊಂದು ಊರಿನಲ್ಲಿ ಒಂದು ಕಾಲುದಾರಿಯನ್ನೂ ಹೀಗೇ ನುಂಗಿದ್ದೆ. ಅದನ್ನೂ ತಿದ್ದಿದೆ. ಅಂದಿನಿಂದ ಬಣ್ಣದ ಸ್ಕ್ಯಾನ್ ಇಲ್ಲದ ಹಾಳೆಯನ್ನು ನಾನು ಮುಟ್ಟುವುದಿಲ್ಲ. ಅಷ್ಟು ಹೇಳುವ ಅಧಿಕಾರ ನನಗೆ ಬಂದಿದೆ ಎಂದುಕೊಂಡಿದ್ದೇನೆ, ಸರ್ ಅದನ್ನು ಅಲ್ಲಗಳೆದಿಲ್ಲ.

ಡ್ರಾಯಿಂಗ್ ಸರಿಪಡಿಸಿದ ಮರುದಿನವೇ ತಿದ್ದಿದ ಪ್ರಿಂಟು ಹಿಡಿದು ದೊಡ್ಡಮ್ಮನ ಊರಿಗೆ ಹೋದೆ. ಕಣದಲ್ಲಿ ಅವಳೂ ಅವಳ ಮಗನೂ ಇದ್ದರು. ಪಕ್ಕದ ಹೊಲದವರನ್ನೂ ಕರೆಸಿದ್ದರು. ತೆಳ್ಳಗಿನ, ನಿಧಾನದ ಮನುಷ್ಯ. ಹಾಳೆಯನ್ನು ನೆಲದ ಮೇಲೆ ಹರಡಿ, ನಾಲ್ಕು ಮೂಲೆಗೆ ಕಲ್ಲಿಟ್ಟು, ದಾರಿಯನ್ನು ಬೆರಳಿಂದ ತೋರಿಸಿದೆ. ದೊಡ್ಡಮ್ಮ ಬಗ್ಗಿ ನೋಡಲೇ ಇಲ್ಲ.

"ಇನ್ನೊಬ್ರ ಹೊಲದಾಗಿನ ಹಾದಿ ತಗೊಂಬಾ ಅಂತ ಕಳಿಸಿದ್ರೆ, ನನ್ನ ಮನೆಯೊಳಗೇ ತಂದು ಬಿಟ್ಟೆಲ್ಲೇ ತಾಯಿ."

ಬೈಗುಳದಲ್ಲಿ ನಗುವಿತ್ತೋ ಇಲ್ಲವೋ ದಿನಚರಿ ಹೇಳುವುದಿಲ್ಲ. ಇತ್ತು ಎಂದು ನನಗೆ ಅನಿಸುತ್ತದೆ, ಹಾಗೆ ಅನಿಸಲಿ ಎಂಬ ಆಸೆಯೂ ಇರಬಹುದು. ಅವಳು ಸಿಟ್ಟಾಗಲು ಕಾರಣವಿತ್ತು. ನಕ್ಷೆಯಲ್ಲಿ ಕಂಡ ದಾರಿ ಅವಳೊಬ್ಬಳದಲ್ಲ. ಕಣದ ಗೋಡೆ ತೆಗೆದರೆ ಹಳ್ಳದ ಆಚೀಚೆಯ ಹೊಲದವರೆಲ್ಲ ಅವಳ ಅಂಗಳದಲ್ಲಿ ಓಡಾಡಬಹುದು. ತೆಗೆಯದಿದ್ದರೆ ಈರುಳ್ಳಿ ಹೊಲದಲ್ಲೇ ಉಳಿಯುತ್ತದೆ. ಪಕ್ಕದವರು ಅದನ್ನೇ ಇನ್ನೊಂದು ರೀತಿಯಲ್ಲಿ ಹೇಳಿದರು.

"ನಮ್ಮ ಬದುವಿನ ಮ್ಯಾಲೆ ಓಡಾಡಾಕೆ ಬಿಟ್ಟಿದ್ದು ನಮ್ಮಪ್ಪನ ಧರ್ಮ ಅಂದಂಗಾತು. ಇರ್ಲಿ ಬಿಡ್ರಿ. ಇನ್ನು ನಮ್ಮ ಟ್ರಾಕ್ಟ್ರೂ ನಿಮ್ಮ ಕಣದಾಗೇ ಬರ್ತೈತೆ. ಚಾ ಇಡ್ರಿ."

"ಬರ್ರಿ. ಸಗಣಿ ಸಾರಿಸಿದ ಕಣ ಐತೆ, ನಿಮ್ಮ ಟ್ರಾಕ್ಟ್ರಿಗೆ ಚಪ್ಪಲಿ ಬಿಟ್ಟು ಬರಾಕೆ ಹೇಳ್ರಿ" ಎಂದಳು ದೊಡ್ಡಮ್ಮ.

ಮಗ ನಕ್ಕ. ಪಕ್ಕದವರೂ ನಕ್ಕರು. ದೊಡ್ಡಮ್ಮ ಮೋಡ ನೋಡಿದಳು. ಆಮೇಲೆ ಅವಳೇ ಗೋಡೆ ತೆಗೆಯೋಣ ಎಂದಳು.

ಎಲ್ಲಿ ತೆಗೆಯುವುದು ಎಂಬುದು ನನ್ನ ಪ್ರಶ್ನೆಯಾಯಿತು. ಗಡಿಕಲ್ಲಿನಿಂದ ಟೇಪು ಹಿಡಿದು ಅಳೆದು ಬಂದೆ. ಕುಗ್ಗಿದ ಕಾಗದ, ಸವೆದ ಮಡಿಕೆ, ಅದರ ಮೇಲೆ ಗೋಂದಿನ ತೇಪೆ. ದಾರಿ ಈ ಇಪ್ಪತ್ತು ಅಡಿಯೊಳಗೆ ಎಲ್ಲಾದರೂ ಇರಬಹುದು, ಇದಕ್ಕಿಂತ ಖಚಿತವಾಗಿ ನಕ್ಷೆ ಹೇಳುವುದಿಲ್ಲ ಎಂದೆ. ಅದು ನನ್ನ ಕೆಲಸದ ಮಿತಿ, ಮುಚ್ಚಿಡುವಂಥದ್ದಲ್ಲ. ಎರಡು ತುದಿಗೂ ಸುಣ್ಣದ ಗುರುತು ಹಾಕಿ ನಡುವೆ ತೆಗೆಯಿರಿ ಎಂದು ಹೇಳುತ್ತಿದ್ದೆ.

ದೊಡ್ಡಮ್ಮ ಮಗನ ಕೈಯಿಂದ ಹಾರೆ ಇಸಿದುಕೊಂಡಳು. ನನ್ನ ಟೇಪು ದಾಟಿ, ಸುಣ್ಣದ ಎರಡು ಗುರುತುಗಳ ನಡುವೆ ಒಂದು ಕಡೆ ನಿಂತಳು. ಅದು ನಟ್ಟನಡುವೆ ಅಲ್ಲ, ಎಡಕ್ಕೆ ಸರಿದ ಜಾಗ. ಹಾರೆಯ ತುದಿಯಿಂದ ಗೋಡೆಯನ್ನು ಒಮ್ಮೆ ಕುಟ್ಟಿ, "ಇಲ್ಲಿ ತೆಗೀರಿ" ಎಂದಳು.

ಮೊದಲ ಕಲ್ಲು ಹಾಗೇ ಕೈಗೆ ಬಂತು. ಎರಡನೆಯದೂ ಬಂತು. ಆ ಗೋಡೆಯ ಉಳಿದ ಭಾಗವೆಲ್ಲ ಕೆಸರುಮಣ್ಣು ಹಾಕಿ ಕಟ್ಟಿದ್ದು. ಹಾರೆ ಹಾಕಿ ಮೀಟಿದರೂ ಅಲ್ಲಾಡುವುದಿಲ್ಲ. ಅವಳು ತೋರಿಸಿದ ಕಡೆ ಮಾತ್ರ, ಒಂದು ಬಂಡಿ ದಾಟುವಷ್ಟು ಅಗಲಕ್ಕೆ, ಬೇಕೆಂದಾಗ ತೆಗೆಯಲು ಬರುವ ಹಾಗೆ ಕಲ್ಲನ್ನು ಬರಿದೆ ಒಂದರ ಮೇಲೊಂದು ಪೇರಿಸಿದ್ದರು. ಮಗನೂ ಪಕ್ಕದವರೂ ಸೇರಿ ಚಾ ಕುದಿಯುವುದರೊಳಗೆ ಬಾಯಿ ಬಿಡಿಸಿದರು. ಹಳ್ಳದ ದಡದ ಜಾಲಿ ತೆಗೆಸಲು ಜೆ.ಸಿ.ಬಿ. ಕರೆಸಿದರು. ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಈರುಳ್ಳಿ ಅಷ್ಟೂ ಕಣಕ್ಕೆ ಬಂದು ಬಿತ್ತು. ಮಳೆ ಆಮೇಲೆ ಬಂದದ್ದೋ, ಬರಲೇ ಇಲ್ಲವೋ, ನನ್ನ ದಿನಚರಿಯಲ್ಲಿ ಇಲ್ಲ.

ನಾನು ಅಲ್ಲೇ ಉಳಿದಿದ್ದೆ. ನೆರಳಲ್ಲಿ ಕೂತು ದೊಡ್ಡಮ್ಮನ ಜೊತೆ ಈರುಳ್ಳಿಯ ಸೊಪ್ಪು ಕೊಯ್ಯುತ್ತಿದ್ದೆ. ಮುಚ್ಚಿಟ್ಟ ದಿನಚರಿಯ ಪುಟದಲ್ಲಿದ್ದ ಬಂಡಿ, ಹೊಂಗೆ, ಬಲಗಡೆಯ ನೀರು ನೆನಪಿಗೆ ಬಂದವು. ಹಳ್ಳದ ದಡದಲ್ಲಿ ಹೊಂಗೆಯಿದೆ. ಆದರೆ ಪಕ್ಕದವರ ಮೇಲಿನ ಬದುವಿನಲ್ಲೂ ಹೊಂಗೆಯಿದೆ, ಮಳೆಗಾಲದಲ್ಲಿ ಅದರ ಪಕ್ಕದ ಕಾಲುವೆಯಲ್ಲೂ ನೀರು ಹರಿಯುತ್ತದೆ. ನನ್ನ ನೆನಪು ಎರಡು ಹಾದಿಗೂ ಸಾಕ್ಷಿ ಹೇಳುತ್ತದೆ. ಅಂಥ ಸಾಕ್ಷಿಯನ್ನು ಬಳಸದೆ ಇದ್ದದ್ದೇ ಸರಿ.

ಚನ್ನಗಿರಿಗೆ ಬಂದು ಆ ಹಾಳೆಯನ್ನು ಕೀಬೋರ್ಡಿನ ಮೇಲೆ ಹರಡಿದಾಗ ಹಳೆಯ ಹಾದಿ ತನ್ನ ಕಣದ ಮೂಲಕವೇ ಇತ್ತೆಂದು ಅವಳಿಗೆ ಗೊತ್ತಿತ್ತೇ ಎಂಬುದನ್ನು ಮಾತ್ರ ಯಾವ ಕಾಗದದಿಂದಲೂ ತಿಳಿಯುವಂತಿಲ್ಲ. ಅವಳನ್ನೇ ಕೇಳಬೇಕು. ಆವತ್ತು ಕೇಳಿದೆ. ಗಾಳಿಗೆ ಬೆನ್ನು ಮಾಡಿ ಕೂತ್ಕೊ, ಕಣ್ಣು ಉರಿಯಲ್ಲ ಎಂದು ಹೇಳಿ ಇನ್ನೊಂದು ಬುಟ್ಟಿ ನನ್ನ ಮುಂದೆ ಸುರಿದಳು. ಆಮೇಲೆ ಫೋನಿನಲ್ಲಿ ಇನ್ನೊಮ್ಮೆ ಕೇಳಿದೆ. ಅಮ್ಮನ ಮಂಡಿನೋವು ಹೇಗಿದೆ ಎಂದು ವಿಚಾರಿಸಿದಳು. ಮೊನ್ನೆ ಅವಳು ನಮ್ಮ ಮನೆಗೆ ಬಂದಿದ್ದಾಗ, ನಾವಿಬ್ಬರೇ ಇದ್ದ ಹೊತ್ತು ನೋಡಿ, ಮೂರನೆಯ ಸಲ ಅದೇ ಮಾತನ್ನು ಕೇಳಿದೆ.

"ಆ ಜಾಗದಾಗೆ ಕಲ್ಲಿಗೆ ಮಣ್ಣು ಹಾಕಿಲ್ಲ ಅಂತ ನಿಂಗೆ ಹೆಂಗೆ ಗೊತ್ತಿತ್ತು ದೊಡ್ಡಮ್ಮ?"